ಕಾಫಿ ಬುಡಕ್ಕೆ ಜೀವಾಣು ಪುಡಿ ಹಾಕಬೇಕೇ?

ಪ್ರಶ್ನೆ: ಕೊಡಗಿನ ನಾಪೋಕ್ಲು ಬಳಿ ನಮ್ಮದು ಆರು ಎಕರೆ ರೊಬಸ್ಟಾ ತೋಟ. ಸಿಲ್ವರ್ ಮರಗಳಿಗೂ ಹಾಲವಾಣಕ್ಕೂ ಕಾಳುಮೆಣಸು ಹಬ್ಬಿಸಿದ್ದೇವೆ. ಎರಡು ವರ್ಷಗಳಿಂದ ಮುಂಗಾರಿಗೆ ಮೊದಲು ಜೀವಾಣು ಗೊಬ್ಬರದ ಪುಡಿ ತಂದು, ಅಂಗಡಿಯವರು ಹೇಳಿದಂತೆ ಎಕರೆಗೆ ಐದು ಕಿಲೊ ಲೆಕ್ಕದಲ್ಲಿ ಕಾಫಿ ಬುಡಕ್ಕೆ ಎರಚುತ್ತಿದ್ದೇವೆ. ಕಾಫಿಯಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಮೆಣಸು ಮಳೆಗಾಲವಿಡೀ ಹಸಿರಾಗಿಯೇ ಇದ್ದು, ಹುತ್ತರಿ ಹಬ್ಬದ (ನವೆಂಬರ್–ಡಿಸೆಂಬರ್) ಹೊತ್ತಿಗೆ ಹಳದಿಯಾಗಿ ಹತ್ತಾರು ಬಳ್ಳಿಗಳು ಒಣಗಿದವು. ಯೂರಿಯಾ ಹಾಕಿ ಮಣ್ಣಿನ ಜೀವಾಣುಗಳನ್ನು ಕೊಂದಿದ್ದೀರಿ, ಜೀವಾಮೃತ ಮಾಡಿ ಎಂದು ಪಕ್ಕದ ತೋಟದವರು ಹೇಳುತ್ತಾರೆ. 2018ರಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದ ಅರ್ಧ ಎಕರೆಯಲ್ಲಿ ಹೊಸ ಗಿಡ ನೆಡುವ ಯೋಚನೆಯೂ ಇದೆ. ಬೇರಿನ ಸುತ್ತ ಜೀವಾಣು ಎಂಬುದು ನಿಜವಾಗಿ ಇದೆಯೇ? ಇದ್ದರೆ ಹಣ ಕೊಟ್ಟು ತರಬೇಕೇ?

ಉತ್ತರ: ಇದೆ, ನಿಮ್ಮ ತೋಟದಲ್ಲಿ ಬೇಕಾದಷ್ಟಿದೆ. ಆದ್ದರಿಂದಲೇ ಬೆಳೆದು ನಿಂತ ರೊಬಸ್ಟಾದ ಬುಡಕ್ಕೆ ಪುಡಿ ಎರಚಿದ ಹಣ ಬಹುಪಾಲು ದಂಡ. ಅದೇ ಹಣವನ್ನು ನರ್ಸರಿಯ ಬುಟ್ಟಿಗಳಿಗೂ ಕುಸಿದ ಬರೆಗೂ ಖರ್ಚು ಮಾಡಿದ್ದರೆ ಫಲ ಕಾಣುತ್ತಿತ್ತು. ಮೆಣಸಿನ ಕಥೆ ಬೇರೆ. ಸೂಕ್ಷ್ಮಜೀವಿಗಳೆಲ್ಲ ಸತ್ತು ಬಳ್ಳಿ ಒಣಗಿತು ಎನ್ನುವುದಕ್ಕಿಂತ, ಒಂದು ಸೂಕ್ಷ್ಮಜೀವಿ ಚೆನ್ನಾಗಿ ಬದುಕಿ ಬೇರು ತಿಂದಿತು ಎನ್ನುವುದು ಸರಿ. ಯೂರಿಯಾದ ಮೇಲಿನ ಆರೋಪ ಅರ್ಧ ನಿಜ, ಅರ್ಧ ಸುಳ್ಳು.

ಮೊದಲು ಕಣ್ಣಿಗೆ ಕಾಣುವಷ್ಟನ್ನು ನೋಡಿ. ಮಳೆ ಹೊಳವಾದ ಒಂದು ಬೆಳಿಗ್ಗೆ, ಒಳ್ಳೆಯ ಫಸಲು ಕೊಡುವ ಗಿಡವೊಂದನ್ನು ಆರಿಸಿ, ಬುಡದಿಂದ ಎರಡು ಅಡಿ ಆಚೆ ತರಗೆಲೆ ಸರಿಸಿ. ಮೇಲಿನ ಎಲೆಗಳು ಬಿಡಿಬಿಡಿಯಾಗಿರುತ್ತವೆ. ಅವುಗಳ ಕೆಳಗಿನವು ಒದ್ದೆ, ಒಂದಕ್ಕೊಂದು ಅಂಟಿಕೊಂಡು ಪದರ ಪದರವಾಗಿ ಏಳುತ್ತವೆ. ನಡುವೆ ಬಿಳಿ ಎಳೆಗಳು ಹಬ್ಬಿರುತ್ತವೆ. ಇನ್ನೂ ಕೆಳಗೆ ಎಲೆಯೆಂದು ಗುರುತು ಸಿಗದ ಕಪ್ಪು ಪುಡಿ. ಕಾಫಿಯ ಸಣ್ಣ ಬೇರುಗಳು ಮಣ್ಣಿನೊಳಗಿನಿಂದ ಮೇಲಕ್ಕೆ ಬಂದು ಈ ಪುಡಿಯೊಳಗೇ ಹೆಣೆದುಕೊಂಡಿರುತ್ತವೆ. ಒಂದು ಬೇರನ್ನು ಮೆಲ್ಲಗೆ ಬಿಡಿಸಿ ಕೊಡವಿ. ಬಹಳಷ್ಟು ಮಣ್ಣು ಉದುರುತ್ತದೆ. ಎಷ್ಟು ಕೊಡವಿದರೂ ಉದುರದ ತೆಳು ಪದರವೊಂದು ಬೇರಿಗೆ ಕಚ್ಚಿಕೊಂಡೇ ಇರುತ್ತದೆ. ನೀವು ಕೇಳಿದ ಜಾಗ ಅದು. ಜರ್ಮನಿಯ ಲೊರೆಂಜ್ ಹಿಲ್ಟ್‌ನರ್ 1904ರಲ್ಲಿ ಅದಕ್ಕೆ ರೈಜೋಸ್ಫಿಯರ್ ಎಂದು ಹೆಸರಿಟ್ಟರು. ನಾವು ಬೇರುವಲಯ ಎನ್ನುತ್ತೇವೆ. ಅದರ ದಪ್ಪ ಕೆಲವೇ ಮಿಲಿಮೀಟರ್.

ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಜೀವಿಗಳು ಮುತ್ತಿಕೊಳ್ಳಲು ಕಾರಣ ಊಟ. ಎಲೆಯಲ್ಲಿ ತಯಾರಾದ ಸಕ್ಕರೆಯ ಒಂದು ಪಾಲನ್ನು ಗಿಡ ಬೇರಿನ ಮೂಲಕ ಮಣ್ಣಿಗೆ ಬಿಟ್ಟುಕೊಡುತ್ತದೆ. ಗಿಡದ ಜಾತಿ ಮತ್ತು ವಯಸ್ಸಿನ ಮೇಲೆ ಅದು ಹತ್ತರಲ್ಲೊಂದು ಪಾಲಾಗಬಹುದು, ಐದರಲ್ಲೊಂದೂ ಆಗಬಹುದು. ಸಕ್ಕರೆಯ ಜೊತೆಗೆ ಅಮೈನೊ ಆಮ್ಲಗಳು, ಸಾವಯವ ಆಮ್ಲಗಳು, ಗಟ್ಟಿ ಮಣ್ಣಿನಲ್ಲಿ ತುದಿ ಜಾರಿ ಮುಂದೆ ಹೋಗಲೆಂದು ಬೇರು ಸುರಿಸುವ ಲೋಳೆ, ಕಳಚಿ ಬೀಳುವ ಜೀವಕೋಶಗಳು. ಬರಿಯ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚಿನ ಕಾಲ ಹಸಿದು ಮಲಗಿರುತ್ತವೆ. ಬೇರಿನ ತುದಿ ಹತ್ತಿರ ಬಂದ ಕೂಡಲೇ ಎದ್ದು ಹೆಚ್ಚುತ್ತವೆ. ಸಾಧಾರಣ ಮಣ್ಣಿನಲ್ಲಿ ಗ್ರಾಂಗೆ ಹತ್ತಾರು ಕೋಟಿ ಇದ್ದರೆ, ಬೇರಿಗೆ ಕಚ್ಚಿದ ಮಣ್ಣಿನಲ್ಲಿ ಅದರ ಹಲವು ಪಟ್ಟು ಇರುತ್ತವೆ.

ಸಂಖ್ಯೆ ಹೆಚ್ಚಿದರೆ ಗಿಡಕ್ಕೇನು ಲಾಭ ಎಂದು ಕೇಳಬಹುದು. ಬ್ಯಾಕ್ಟೀರಿಯಾಗಳು ಸಾರಜನಕವನ್ನು ಮೊದಲು ತಮ್ಮ ಮೈಗೆ ಸೇರಿಸಿಕೊಳ್ಳುತ್ತವೆ; ಆಗ ಗಿಡಕ್ಕೆ ಅದು ಸಿಕ್ಕುವುದಿಲ್ಲ. ಅವುಗಳನ್ನು ತಿನ್ನಲು ಏಕಕೋಶದ ಪ್ರೊಟೊಜೋವಾಗಳೂ ಕೂದಲಿಗಿಂತ ಸಣ್ಣನೆಯ ನೆಮಟೋಡ್ ಹುಳುಗಳೂ ಬರುತ್ತವೆ. ತಿಂದದ್ದರಲ್ಲಿ ಅವುಗಳಿಗೆ ಬೇಡವಾಗಿ ಹೆಚ್ಚಾದ ಸಾರಜನಕ ಅಮೋನಿಯಂ ಆಗಿ ಹೊರಬೀಳುವುದು ಬೇರಿನ ಪಕ್ಕದಲ್ಲೇ. ನೆಮಟೋಡ್ ಎಂದರೆ ಮೆಣಸಿನ ಬೇರು ಕೊರೆಯುವ ಶತ್ರು ಎಂದೇ ನಮ್ಮ ಬೆಳೆಗಾರರಿಗೆ ಗೊತ್ತು. ಆದರೆ ಮಣ್ಣಿನಲ್ಲಿರುವ ಬಹುಪಾಲು ನೆಮಟೋಡ್‌ಗಳು ಗಿಡದ ತಂಟೆಗೆ ಬರುವುದಿಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರ ಮೇಯ್ದುಕೊಂಡು ಹೀಗೆ ಉಪಕಾರವನ್ನೇ ಮಾಡುತ್ತವೆ.

ಈಗ ನಿಮ್ಮ ಐದು ಕಿಲೊ ಪುಡಿಯ ಲೆಕ್ಕ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೊ ತೂಗುತ್ತದೆ. ಗ್ರಾಂಗೆ 10 ಕೋಟಿ ಬ್ಯಾಕ್ಟೀರಿಯಾ ಎಂದು ಕಡಿಮೆಯೇ ಹಿಡಿಯೋಣ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಸಾರಜನಕ ಹಿಡಿಯುವ ಅಜೊಸ್ಪಿರಿಲಮ್ ಅಥವಾ ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಜೀವಾಣುಗಳು ಇರಬೇಕು. ಪೊಟ್ಟಣದಲ್ಲಿ ಅಷ್ಟೂ ಇದೆ, ತಗಡಿನ ಸೂರಿನ ಕೆಳಗೆ ಏಪ್ರಿಲ್ ಸೆಕೆಗೆ ಬೆಂದಿಲ್ಲ ಎಂದೇ ಇಟ್ಟುಕೊಂಡರೂ, ಹೊಸದಾಗಿ ಬಂದ ಒಂದೊಂದು ಜೀವಾಣುವಿಗೂ ಎದುರು ಮೊದಲೇ ನೆಲೆಯೂರಿದವು ಮೂರು ಲಕ್ಷಕ್ಕೂ ಹೆಚ್ಚು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಸ್ಥಳೀಯ ಜೀವಿಗಳು ಆ ಮಣ್ಣಿನ ಹುಳಿಗೆ, ಆ ಮಳೆಗೆ, ಆ ಎಲೆಯ ಊಟಕ್ಕೆ ಒಗ್ಗಿಕೊಂಡವು. ಬಂದವುಗಳಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ಯಾರದೋ ತುತ್ತಾಗುತ್ತವೆ.

ಇದೇ ಲೆಕ್ಕವನ್ನು ನರ್ಸರಿಯ ಬುಟ್ಟಿಗೆ ಹಾಕಿ ನೋಡಿ. ಒಂದು ಕಿಲೊ ಮಣ್ಣು, ಅದಕ್ಕೆ ಹತ್ತು ಗ್ರಾಂ ಪುಡಿ. ಈಗ ಒಂದಕ್ಕೆ ಎದುರು ಇನ್ನೂರು ಮಾತ್ರ. ಮೇಲಾಗಿ ಎಳೆಯ ಬೇರು ಮೊದಲ ಬಾರಿ ಮಣ್ಣಿಗೆ ಇಳಿಯುವಾಗಲೇ ಇವು ಪಕ್ಕದಲ್ಲಿರುತ್ತವೆ. ಬೇರಿನ ಮೇಲೆ ಮೊದಲು ಬಂದವನಿಗೆ ಜಾಗ. ಆಮೇಲೆ ಬಂದವನು ಕಾಯಬೇಕು. ಬುಟ್ಟಿಯಲ್ಲೇ ಒಡನಾಟ ಕೂಡಿದ ಗಿಡ ಗುಂಡಿಗೆ ಹೋಗುವಾಗ ತನ್ನ ಪರಿವಾರವನ್ನು ಜೊತೆಗೇ ಒಯ್ಯುತ್ತದೆ. ಆದ್ದರಿಂದ ಪುಡಿ ಕೊಳ್ಳುವುದಾದರೆ ಬುಟ್ಟಿಗೆ ಕೊಳ್ಳಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ ಮಿಶ್ರಣದಲ್ಲಿ ಸಾರಜನಕ ಹಿಡಿಯುವವು, ರಂಜಕ ಹಾಗೂ ಸತು ಕರಗಿಸುವವು ಒಟ್ಟಿಗೇ ಇವೆ. ಯಾವುದನ್ನು ತಂದರೂ ತಯಾರಾದ ದಿನಾಂಕ ನೋಡಿ ತನ್ನಿ, ಬಿಸಿಲಿಗೆ ಇಡಬೇಡಿ. ಅಂದ ಹಾಗೆ ಈ ಪೊಟ್ಟಣದ ವ್ಯಾಪಾರ ಹೊಸದೇನೂ ಅಲ್ಲ. ಬೇರುವಲಯಕ್ಕೆ ಹೆಸರಿಟ್ಟ ಹಿಲ್ಟ್‌ನರ್ ಅವರೇ, ಆ ಹೆಸರು ಹುಟ್ಟುವ ಮೊದಲು 1890ರ ದಶಕದಲ್ಲಿ, ನೊಬ್ಬೆ ಎಂಬ ಸಹೋದ್ಯೋಗಿಯ ಜೊತೆ ದ್ವಿದಳ ಬೆಳೆಗಳಿಗೆ ಬೇಕಾದ ಬ್ಯಾಕ್ಟೀರಿಯಾವನ್ನು ನೈಟ್ರಜಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದ್ದರು.

ಬುಟ್ಟಿಗೆ ಬ್ಯಾಕ್ಟೀರಿಯಾಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ: ಮೈಕೊರೈಜಾ, ಅಂದರೆ ಬೇರಿನ ಜೊತೆ ಕೂಡಿ ಬದುಕುವ ಶಿಲೀಂಧ್ರ. ಅಂಗಡಿಗಳಲ್ಲಿ ವ್ಯಾಮ್ ಎಂದು ಕೇಳಿದರೆ ಕೊಡುವುದು ಇದನ್ನೇ. 1885ರಲ್ಲಿ ಜರ್ಮನಿಯ ಎ. ಬಿ. ಫ್ರಾಂಕ್ ಕೊಟ್ಟ ಹೆಸರು. ಟ್ರಫಲ್ ಎಂಬ ದುಬಾರಿ ಅಣಬೆಯನ್ನು ಬೆಳೆಸುವ ದಾರಿ ಹುಡುಕಿಕೊಡಿ ಎಂದು ಸರ್ಕಾರ ಅವರಿಗೆ ಹೇಳಿತ್ತು. ಅವರು ಅದನ್ನು ಹುಡುಕುತ್ತಾ ಮರದ ಬೇರಿಗೂ ಶಿಲೀಂಧ್ರಕ್ಕೂ ಇರುವ ಸಂಬಂಧವನ್ನು ಕಂಡರು. ಕಾಫಿ, ಮೆಣಸು, ಏಲಕ್ಕಿ, ಕಿತ್ತಳೆ ಈ ನಾಲ್ಕರ ಬೇರಿನಲ್ಲೂ ಇರುವ ಜಾತಿ ಟ್ರಫಲ್‌ನದ್ದಲ್ಲ. ಬೇರಿನ ಜೀವಕೋಶದೊಳಗೇ ಹೊಕ್ಕು, ಅಲ್ಲಿ ಪುಟ್ಟ ಮರದಂತೆ ಕವಲೊಡೆಯುವ ಜಾತಿ. ಸಸ್ಯಗಳು ನೀರು ಬಿಟ್ಟು ನೆಲಕ್ಕೆ ಬಂದ ಆರಂಭದ ಕಾಲದಿಂದ, ಅಂದರೆ 40 ಕೋಟಿ ವರ್ಷಗಳಿಂದಲೂ ಈ ಜೋಡಿ ಇದೆ ಎಂಬುದಕ್ಕೆ ಪಳೆಯುಳಿಕೆಗಳ ಸಾಕ್ಷಿ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ಇದರ ಮೇಲೆ ಕೆಲಸ ಮಾಡಿದ್ದರಿಂದ ಕರ್ನಾಟಕಕ್ಕೆ ಇದು ಅಪರಿಚಿತ ವಿಷಯವೂ ಅಲ್ಲ.

ಕೊಡಗಿಗೆ ಇದು ಏಕೆ ಬೇಕು ಎಂಬುದಕ್ಕೆ ಉತ್ತರ ನಿಮ್ಮ ಮಣ್ಣಿನ ಬಣ್ಣದಲ್ಲೇ ಇದೆ. ಕೆಂಪು ಎಂದರೆ ಕಬ್ಬಿಣ, ಜೊತೆಗೆ ಅಲ್ಯೂಮಿನಿಯಂ. ಧಾರಾಕಾರ ಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗಿದೆ. ಇಂಥ ಮಣ್ಣಿಗೆ ಹಾಕಿದ ರಂಜಕವನ್ನು ಕಬ್ಬಿಣವೂ ಅಲ್ಯೂಮಿನಿಯಮ್ಮೂ ಹಿಡಿದು ಕೂರುತ್ತವೆ. ರಂಜಕ ನೀರಿನ ಜೊತೆ ಹರಿದು ಬೇರಿನ ಬಳಿಗೆ ಬರುವ ವಸ್ತುವಲ್ಲ; ಬೇರೇ ಅದಿರುವಲ್ಲಿಗೆ ಹೋಗಬೇಕು. ಬೇರು ತನ್ನ ಸುತ್ತಲಿನ ಕೆಲವು ಮಿಲಿಮೀಟರ್ ಜಾಗವನ್ನು ಬೇಗ ಬರಿದು ಮಾಡುತ್ತದೆ. ಶಿಲೀಂಧ್ರದ ಎಳೆ ಬೇರಿನ ರೋಮಕ್ಕಿಂತಲೂ ಸಣ್ಣದು. ರೋಮ ತೂರಲಾರದ ಸಂದಿಗಳಲ್ಲಿ ತೂರಿ, ಬೇರಿನಿಂದ ಕೆಲವು ಸೆಂಟಿಮೀಟರ್ ಆಚೆ ಹೋಗಿ ರಂಜಕ, ಸತು ತಂದುಕೊಡುತ್ತದೆ. ಬದಲಿಗೆ ಗಿಡ ಸಕ್ಕರೆಯನ್ನೂ ಕೊಬ್ಬನ್ನೂ ಕೊಡುತ್ತದೆ. ಈ ಶಿಲೀಂಧ್ರಕ್ಕೆ ಕೊಬ್ಬಿನ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲು ಬಾರದು. ಬೇರಿಲ್ಲದೆ ಅದು ಬದುಕಲಾರದು.

ಕೊಳ್ಳುವವರು ನೆನಪಿಡಬೇಕಾದದ್ದು ಇದನ್ನೇ. ಬ್ಯಾಕ್ಟೀರಿಯಾವನ್ನು ಕಾರ್ಖಾನೆಯ ತೊಟ್ಟಿಯಲ್ಲಿ ಬೆಳೆಸಬಹುದು. ವ್ಯಾಮ್ ಬೆಳೆಸಲು ಜೀವಂತ ಬೇರು ಬೇಕು. ಜೋಳವೋ ಹುಲ್ಲೋ ಬೆಳೆಸಿ, ಆ ಬೇರನ್ನೂ ಮಣ್ಣನ್ನೂ ಒಣಗಿಸಿ ಪುಡಿ ಮಾಡಿ ಕೊಡುವುದು ಸಾಮಾನ್ಯ ಪದ್ಧತಿ. ಹಾಗಾದರೆ ನೀವೇ ಏಕೆ ಮಾಡಿಕೊಳ್ಳಬಾರದು? ತೋಟದ ಹಳೆಯ ನೆರಳಿನಲ್ಲಿ, ಮೆಣಸು ಎಂದೂ ಸಾಯದ ಜಾಗದಲ್ಲಿ, ತರಗೆಲೆ ಸರಿಸಿ ಸಣ್ಣ ಬೇರುಗಳ ಸಮೇತ ನಾಲ್ಕು ಬೊಗಸೆ ಮಣ್ಣು ತೆಗೆಯಿರಿ. ದೇವರಕಾಡಿನಿಂದ ತರಬೇಡಿ, ಕಟ್ಟುಪಾಡಿನ ಮಾತು ಹಾಗಿರಲಿ, ಅಲ್ಲಿನದೇ ಬೇಕೆಂಬ ಅಗತ್ಯವೂ ಇಲ್ಲ. ಆ ಮಣ್ಣನ್ನು ಮರಳಿನ ಜೊತೆ ಕುಂಡಗಳಿಗೆ ತುಂಬಿ, ರಾಗಿಯನ್ನೋ ಜೋಳವನ್ನೋ ದಟ್ಟವಾಗಿ ಬಿತ್ತಿ, ಗೊಬ್ಬರ ಹಾಕದೆ ಮೂರು ತಿಂಗಳು ಬೆಳೆಸಿ. ನೀರು ನಿಲ್ಲಿಸಿ ಪೈರು ಒಣಗಲು ಬಿಟ್ಟು, ಮೇಲಿನದನ್ನು ಕತ್ತರಿಸಿ ಎಸೆದು, ಬೇರನ್ನು ಸಣ್ಣಗೆ ಕೊಚ್ಚಿ ಮಣ್ಣಿಗೆ ಬೆರೆಸಿದರೆ ಬುಟ್ಟಿಗೆ ಹಾಕಲು ಸಿದ್ಧ. ಇದರ ಅಪಾಯ ಒಂದೇ: ಮಣ್ಣಿನಲ್ಲಿ ರೋಗವಿದ್ದರೆ ಅದೂ ಜೊತೆಗೆ ಬೆಳೆಯುತ್ತದೆ. ಹಾಗಾಗಿ ಮೆಣಸಿನ ಬುಟ್ಟಿಗಳಿಗೆ ಇದನ್ನು ಹಾಕಬೇಡಿ, ಕಾಫಿಗೆ ಮಾತ್ರ ಸಾಕು.

ಕುಸಿದ ಬರೆಯ ಅರ್ಧ ಎಕರೆಗೆ ಬರೋಣ. ಬೆಳೆದ ತೋಟಕ್ಕೆ ಮಾಡಿದ ವಾದ ಇಲ್ಲಿ ತಲೆಕೆಳಗಾಗುತ್ತದೆ. ಅಲ್ಲಿ ಮೇಲ್ಮಣ್ಣೇ ಜಾರಿ ಹೋಗಿ ಕೆಳಗಿನ ಹಸಿ ಕೆಂಪು ಮಣ್ಣು ಬಯಲಾಗಿದೆ. ಮೈಕೊರೈಜಾದ ಬೀಜಕಗಳು ಹೆಚ್ಚಾಗಿ ಇರುವುದು ಮೇಲಿನ ಒಂದು ಅಡಿಯೊಳಗೆ; ಅವು ಹೋಗಿವೆ. ಹೊಸ ಗಿಡ ಅಂಥಲ್ಲಿ ವರ್ಷಗಟ್ಟಲೆ ಮುರುಟಿಕೊಂಡು ನಿಲ್ಲುವುದನ್ನು 2018ರ ನಂತರ ಮಡಿಕೇರಿ ಸುತ್ತಮುತ್ತ ಬಹಳ ಮಂದಿ ನೋಡಿದ್ದಾರೆ. ಆದ್ದರಿಂದ ಈ ವರ್ಷವೇ ಕಾಫಿ ನೆಡುವ ಅವಸರ ಬೇಡ. ಒಂದು ಮಳೆಗಾಲ ಹುರುಳಿ, ಅಲಸಂದೆ ಬಿತ್ತಿ. ಅಡ್ಡಸಾಲಿನಲ್ಲಿ ಲಾವಂಚ ಹಾಕಿ. ಗ್ಲಿರಿಸೀಡಿಯಾ ಕಡ್ಡಿಗಳನ್ನು ಊರಿ. ಬಿತ್ತುವಾಗ ಹಳೆಯ ತೋಟದ ಮೇಲ್ಮಣ್ಣನ್ನು ಸಾಲಿಗೆ ಒಂದಿಷ್ಟು ಹಾಕುತ್ತಾ ಹೋಗಿ. ಮೈಕೊರೈಜಾ ಸೇರಿದ ಕಾಫಿ ಗಿಡವನ್ನು ಮುಂದಿನ ವರ್ಷ ನೆಡಿ. ಶಿಲೀಂಧ್ರದ ಎಳೆಗಳು ಮಣ್ಣಿನ ಕಣಗಳನ್ನು ಹಿಡಿದು ಹರಳು ಕಟ್ಟಿಸುತ್ತವೆ. ಮಳೆಹನಿಗೆ ಮೇಲ್ಮಣ್ಣು ಕದಡಿ ಹೋಗುವುದು ಕಡಿಮೆಯಾಗುತ್ತದೆ. ಆದರೆ ಜೀವಾಣು ಹಾಕಿದರೆ ಬರೆ ಕುಸಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಂದ ಏನನ್ನೂ ಕೊಳ್ಳಬೇಡಿ. ಹತ್ತಾರು ಅಡಿ ಆಳದಿಂದ ಜಾರುವ ಗುಡ್ಡಕ್ಕೆ ಕಾರಣ ನೀರಿನ ಒತ್ತಡ ಮತ್ತು ನಾವು ಕಡಿದ ಇಳಿಜಾರು.

ಮೆಣಸಿನ ವಿಷಯ ಇದಕ್ಕಿಂತ ಗಂಭೀರ. ಬಳ್ಳಿ ಮಳೆಯಲ್ಲಿ ಹಸಿರಾಗಿದ್ದು ಹುತ್ತರಿಯ ಹೊತ್ತಿಗೆ ಒಣಗಿತು ಎಂದು ಬರೆದಿದ್ದೀರಿ. ಆ ಒಂದು ಸಾಲು ಬಹಳ ಹೇಳುತ್ತದೆ. ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಬುಡದ ಕಾಂಡಕ್ಕೆ ಹತ್ತಿದ್ದರೆ ಬಳ್ಳಿ ಮಳೆಯಲ್ಲೇ ಎಲೆ ಉದುರಿಸಿ ಕೆಲವೇ ವಾರಗಳಲ್ಲಿ ಸಾಯುತ್ತದೆ. ಸಣ್ಣ ಬೇರುಗಳನ್ನು ಮಾತ್ರ ಹಿಡಿದರೆ ಹಾಗಲ್ಲ. ಜುಲೈ–ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ಬೇರು ಒಂದೊಂದಾಗಿ ಕೊಳೆಯುತ್ತಿರುತ್ತದೆ. ಮಣ್ಣು ತುಂಬಾ ನೀರಿರುವುದರಿಂದ ಉಳಿದ ಬೇರುಗಳೇ ಬಳ್ಳಿಗೆ ಸಾಕಾಗುತ್ತವೆ. ಅಕ್ಟೋಬರ್ ಕಳೆದು ಮಣ್ಣು ಆರಿದಾಗ ನೀರೆತ್ತಲು ಬೇರಿಲ್ಲ. ನವೆಂಬರ್‌ನಲ್ಲಿ ಹಳದಿಯಾದ ಬಳ್ಳಿಗೆ ರೋಗ ಹೊಕ್ಕಿದ್ದು ಜುಲೈನಲ್ಲಿ. ಹಳದಿಯಾದ ಮೇಲೆ ಔಷಧ ಸುರಿದು ಪ್ರಯೋಜನವಿಲ್ಲ.

ಈ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರವಲ್ಲ. ಕೆಲವು ಪಾಚಿಗಳಿಗೆ ಹತ್ತಿರದ ಸಂಬಂಧಿ. ಮಣ್ಣಿನಲ್ಲಿ ನೀರು ನಿಂತಾಗ ಎರಡು ಬಾಲಗಳಿರುವ ಬೀಜಕಗಳನ್ನು ಬಿಡುತ್ತದೆ, ಅವು ಈಜುತ್ತವೆ. ಎತ್ತ ಈಜುತ್ತವೆ ಎಂದರೆ, ಬೇರು ಸುರಿಸುವ ಸಕ್ಕರೆ ಮತ್ತು ಅಮೈನೊ ಆಮ್ಲಗಳ ಜಾಡು ಹಿಡಿದು ಬೇರಿನ ತುದಿಯತ್ತ. ಸ್ನೇಹಿತರನ್ನು ಕರೆಯುವ ಊಟವೇ ಶತ್ರುವನ್ನೂ ಕರೆಯುತ್ತದೆ. ಬೇರುವಲಯವೆಂದರೆ ಬರೀ ಒಳ್ಳೆಯವರ ಸಂಘ ಎಂಬ ಭಾವನೆ ಈಚೆಗೆ ಹಬ್ಬಿದೆ, ಅದು ಸರಿಯಲ್ಲ. ಜಾಗಕ್ಕಾಗಿ ಅಲ್ಲಿ ನಿತ್ಯ ಜಗಳ. ಬೇರಿನ ಮೇಲ್ಮೈ ಮೊದಲೇ ಭರ್ತಿಯಾಗಿದ್ದರೆ ಈಜಿ ಬಂದ ಬೀಜಕಕ್ಕೆ ಕಾಲೂರಲು ಕಷ್ಟ, ಅಷ್ಟೇ.

ಸತ್ತ ಬಳ್ಳಿಗಳನ್ನು ಸುಡುವ ಮೊದಲು ಬೇರು ನೋಡಿ. ಇನ್ನೂ ಪೂರ್ತಿ ಒಣಗದ ಒಂದು ಬಳ್ಳಿಯ ಸಣ್ಣ ಬೇರುಗಳನ್ನು ತೊಳೆದು ಬೆರಳ ನಡುವೆ ಎಳೆಯಿರಿ. ಹೊರಸಿಪ್ಪೆ ಕಪ್ಪಾಗಿ, ಕಾಲುಚೀಲದಂತೆ ಜಾರಿ, ಒಳಗಿನ ನಾರು ಮಾತ್ರ ಕೈಯಲ್ಲಿ ಉಳಿದರೆ ಫೈಟಾಫ್ತೊರಾ ಎಂದು ಬಲವಾಗಿ ಶಂಕಿಸಬಹುದು. ಬೇರಿನ ಮೇಲೆ ಮಣಿಗಳಂತೆ ಗಂಟುಗಳಿದ್ದರೆ ಬೇರುಗಂಟು ನೆಮಟೋಡ್. ಎರಡೂ ಒಟ್ಟಿಗೆ ಇರುವುದೂ ಸಾಮಾನ್ಯ: ಹುಳು ಕೊರೆದ ಗಾಯ ಕೊಳೆರೋಗಕ್ಕೆ ಬಾಗಿಲು.

ರೋಗಕಾರಕಗಳನ್ನು ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರಕ್ಕೆ ಹಣ ಕೊಡುವುದು ಇಲ್ಲಿ ಸಾರ್ಥಕ, ಆದರೆ ಪೊಟ್ಟಣ ಒಡೆದು ಬುಡಕ್ಕೆ ಉದುರಿಸುವುದಕ್ಕಲ್ಲ. ಅದು ಊಟವಿಲ್ಲದೆ ನಿಲ್ಲುವ ಶಿಲೀಂಧ್ರವಲ್ಲ. ಚೆನ್ನಾಗಿ ಕಳಿತ 90 ಕಿಲೊ ಕೊಟ್ಟಿಗೆ ಗೊಬ್ಬರಕ್ಕೆ 10 ಕಿಲೊ ಬೇವಿನ ಹಿಂಡಿ, ಒಂದೆರಡು ಕಿಲೊ ಟ್ರೈಕೋಡರ್ಮಾ ಬೆರೆಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು, ನೀರು ಸೋರಬಾರದು. ನೆರಳಿನಲ್ಲಿ ಗುಪ್ಪೆ ಹಾಕಿ ಒದ್ದೆ ಗೋಣಿ ಮುಚ್ಚಿ. ವಾರಕ್ಕೊಮ್ಮೆ ಮಗುಚಿ. ಮೊದಲು ಬಿಳಿ ಬೂಸು, ಹದಿನೈದು ದಿನದ ಹೊತ್ತಿಗೆ ಅದರ ಮೇಲೆ ಪಾಚಿ ಹಸಿರಿನ ಪುಡಿ ಕಾಣುತ್ತದೆ. ಮೂಗಿನ ಬಳಿ ಹಿಡಿದರೆ ಕೆಲವು ತಳಿಗಳಿಗೆ ಕೊಬ್ಬರಿಯ ವಾಸನೆ ಇರುತ್ತದೆ. ಕೊಳೆತ ವಾಸನೆ ಬಂದರೆ ನೀರು ಹೆಚ್ಚಾಗಿ ಗುಪ್ಪೆ ಕೆಟ್ಟಿದೆ ಎಂದರ್ಥ, ಮೆಣಸಿಗೆ ಹಾಕಬೇಡಿ. ಮುಂಗಾರಿನ ಆರಂಭಕ್ಕೆ ಒಮ್ಮೆ, ಮಳೆ ಸ್ವಲ್ಪ ಇಳಿದ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಬಳ್ಳಿಯ ಬುಡದ ಸುತ್ತ ಕೊಡಿ. ಬುಡಕ್ಕೆ ತಾಮ್ರದ ಔಷಧ ಸುರಿದಿದ್ದರೆ ಎರಡು ಮೂರು ವಾರವಾದರೂ ಬಿಟ್ಟು ಟ್ರೈಕೋಡರ್ಮಾ ಹಾಕಿ. ಒಂದು ಕೈಯಲ್ಲಿ ತಾಮ್ರ, ಇನ್ನೊಂದು ಕೈಯಲ್ಲಿ ಟ್ರೈಕೋಡರ್ಮಾ ಹಿಡಿದುಕೊಂಡು ಒಂದೇ ದಿನ ಎರಡನ್ನೂ ಮುಗಿಸುವ ತೋಟಗಳು ಕಡಿಮೆಯಿಲ್ಲ; ಅಲ್ಲಿ ಎರಡನೆಯದು ಶುದ್ಧ ನಷ್ಟ.

ಹಾಗೆಂದು ಎಲೆಗೆ ಬೋರ್ಡೋ ಸಿಂಪಡಿಸುವುದನ್ನು ನಿಲ್ಲಿಸಬೇಡಿ. ಮುಂಗಾರಿಗೆ ಮೊದಲಿನ ಶೇಕಡಾ 1ರ ಬೋರ್ಡೋ (100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ) ಕೊಡಗಿನ ಮಳೆಯಲ್ಲಿ ಬೇಕೇ ಬೇಕು. ಎಲ್ಲಕ್ಕಿಂತ ಮೊದಲು ಬಸಿಗಾಲುವೆ. ಬುಡದಲ್ಲಿ ನೀರು ನಿಂತರೆ ಈಜುವ ಬೀಜಕಕ್ಕೆ ದಾರಿ ಮಾಡಿಕೊಟ್ಟಂತೆ. ಯಾವ ಜೀವಾಣುವೂ ಆಗ ಬಳ್ಳಿಯನ್ನು ಉಳಿಸಲಾರದು. ಸತ್ತ ಬಳ್ಳಿಯ ಬುಡ ಅಗೆದ ಗುದ್ದಲಿಯನ್ನು ತೊಳೆಯದೆ ಇನ್ನೊಂದು ಬಳ್ಳಿಯ ಬುಡಕ್ಕೆ ಒಯ್ಯುವುದನ್ನೂ ನಿಲ್ಲಿಸಿ.

ಯೂರಿಯಾದ ಆರೋಪ. ಯೂರಿಯಾ ಗಿಡಕ್ಕೆ ಒದಗುವುದೇ ಬಹುಮಟ್ಟಿಗೆ ಸೂಕ್ಷ್ಮಜೀವಿಗಳ ದಯೆಯಿಂದ: ಅವು ಬಿಡುಗಡೆ ಮಾಡುವ ಯೂರಿಯೇಸ್ ಕಿಣ್ವ ಅದನ್ನು ಕೆಲವೇ ದಿನಗಳಲ್ಲಿ ಅಮೋನಿಯಂ ಮಾಡುತ್ತದೆ, ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ಯೂರಿಯಾ ಮಣ್ಣನ್ನು ಬಂಜೆ ಮಾಡುವಂತಿದ್ದರೆ ಎರಡನೇ ವರ್ಷ ಅದೇ ಕೆಲಸ ಮಾಡುತ್ತಿರಲಿಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆಯುತ್ತಿದ್ದಾರೆ. ರಾಸಾಯನಿಕ ಗೊಬ್ಬರವನ್ನಷ್ಟೇ ಕಂಡ ಪಟ್ಟಿಗಳಲ್ಲೂ ಜೀವ ಉಳಿದಿದೆ, ಕೊಟ್ಟಿಗೆ ಗೊಬ್ಬರದ ಪಟ್ಟಿಯಲ್ಲಿ ಬಹಳ ಹೆಚ್ಚಿದೆ. ಆರೋಪದ ನಿಜವಾದ ಅರ್ಧ ಬೇರೆ ಕಡೆ ಇದೆ. ಅಮೋನಿಯಂ ಬದಲಾಗಿ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಮೊದಲೇ ಹುಳಿಯಾದ ಮಣ್ಣು ವರ್ಷ ವರ್ಷವೂ ಇನ್ನಷ್ಟು ಹುಳಿಯಾಗಿ, ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ; ಬೇರಿಲ್ಲದಲ್ಲಿ ಬೇರುವಲಯ ಎಲ್ಲಿಂದ? ಕಾಫಿಗೆ ರಸಸಾರ (pH) 6ರಿಂದ 6.5 ಹದ. ಮಣ್ಣು ಪರೀಕ್ಷೆಯ ಪ್ರಕಾರ ಎರಡು ಮೂರು ವರ್ಷಕ್ಕೊಮ್ಮೆ ಕೃಷಿ ಸುಣ್ಣ ಹಾಕುವುದು ಯಾವ ಜೀವಾಣು ಪುಡಿಗಿಂತಲೂ ಅಗ್ಗದ ಜೀವಾಣು ಸೇವೆ. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ರಂಜಕದ ಗೊಬ್ಬರ ಅತಿಯಾದರೆ ಗಿಡ ಮೈಕೊರೈಜಾಗೆ ಊಟ ಕೊಡುವುದನ್ನು ಕಡಿಮೆ ಮಾಡುತ್ತದೆ. ಹುಳಿ ಮಣ್ಣಿಗೆ ನಿಧಾನವಾಗಿ ಕರಗುವ ರಾಕ್ ಫಾಸ್ಫೇಟ್ ಒಗ್ಗುತ್ತದೆ.

ಜೀವಾಮೃತದ ಬಗ್ಗೆ ನನಗೆ ದ್ವೇಷವೂ ಇಲ್ಲ, ಭಕ್ತಿಯೂ ಇಲ್ಲ. ಹತ್ತು ಕಿಲೊ ಸಗಣಿ, ಹತ್ತು ಲೀಟರ್ ಗಂಜಲ, ಬೆಲ್ಲ, ಬೇಳೆ ಹಿಟ್ಟು ಎಂದು 200 ಲೀಟರ್ ನೀರಿಗೆ ಕದಡಿದರೆ ಬ್ಯಾಕ್ಟೀರಿಯಾ ಖಂಡಿತ ಹೆಚ್ಚುತ್ತವೆ. ಆದರೆ ಬೆಳೆದ ತೋಟದಲ್ಲಿ ಅವುಗಳ ಗತಿಯೂ ಪೊಟ್ಟಣದ ಜೀವಾಣುಗಳದ್ದೇ. ಅದನ್ನು ಮಾಡುವವರ ತೋಟ ಚೆನ್ನಾಗಿದ್ದರೆ, ಅವರು ಜೊತೆಗೇ ಮಾಡುವ ಮುಚ್ಚಿಗೆಯತ್ತ ನೋಡಿ. ಯಶಸ್ಸಿನ ದೊಡ್ಡ ಪಾಲು ಅಲ್ಲಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ನೆರಳಿನ ಮರಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹಾಲವಾಣ ದ್ವಿದಳ ಜಾತಿ. ಎಳೆಯ ಬೇರುಗಳಲ್ಲಿ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಅಥವಾ ನಸುಗೆಂಪು ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಳಗದ್ದೇ. ಆಮ್ಲಜನಕವನ್ನು ಹಿಡಿತದಲ್ಲಿಟ್ಟು ಬ್ಯಾಕ್ಟೀರಿಯಾದ ಕಿಣ್ವವನ್ನು ಕಾಪಾಡುತ್ತದೆ. ಒಳಗೆ ಹಸಿರೋ ಕಂದೋ ಇದ್ದರೆ ಗಂಟು ಮುದಿಯಾಗಿದೆ. ಮರಗಸಿ ಮಾಡಿದಾಗ (ನೆರಳಿನ ಕೊಂಬೆ ಸವರಿದಾಗ) ಬೀಳುವ ಹಾಲವಾಣದ ಸೊಪ್ಪು ಬೇಗ ಕರಗುತ್ತದೆ. ಸಿಲ್ವರ್ ಎಲೆ ನಿಧಾನ. ಆಸ್ಟ್ರೇಲಿಯಾದ ಬಡ ಮಣ್ಣಿನಿಂದ ಬಂದ ಆ ಮರ ಗೊಂಚಲು ಬೇರುಗಳಿಂದ ಆಮ್ಲ ಸುರಿಸಿ ರಂಜಕವನ್ನು ತಾನೇ ಬಿಡಿಸಿಕೊಳ್ಳುವ ಸ್ವಾವಲಂಬಿ, ಸಾರಜನಕ ಮಾತ್ರ ಕೊಡದು. ಎಲೆ–ಚಿಗುರಿನಲ್ಲಿ ಗಂಟು ಎಬ್ಬಿಸುವ ಗಂಟುಕಣಜ ಕೀಟದ ಕಾಟಕ್ಕೆ ಹಾಲವಾಣ ಕಳೆದುಕೊಂಡವರೆಲ್ಲ ಸಿಲ್ವರ್ ಒಂದನ್ನೇ ನೆಡುತ್ತಾ ಹೋದದ್ದು ಮರದ ಬೆಲೆಯ ದೃಷ್ಟಿಯಿಂದ ಜಾಣತನವಿರಬಹುದು, ಮಣ್ಣಿನ ದೃಷ್ಟಿಯಿಂದ ಅಲ್ಲ. ಮರ ಕಡಿದರೆ ಬೊಡ್ಡೆಯನ್ನು ಬೇರು ಸಮೇತ ಕೀಳಿಸಿ. ಕಾಫಿಯ ಕಂದು ಬೇರು ರೋಗ ಹಬ್ಬುವುದು ಕೊಳೆಯುವ ಬೊಡ್ಡೆಗಳಿಂದಲೇ.

ತರಗೆಲೆಯನ್ನು ಗುಡಿಸಿ ಸುಡಬೇಡಿ. ಗಿಡಗಳ ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿಗಳಿಗೆ ಸೇರಿಸಿ, ಅಲ್ಲಿ ನೀರೂ ಇಂಗುತ್ತದೆ. ಕಾಫಿ ಸಿಪ್ಪೆಯನ್ನು ಹಸಿಯಾಗಿ ಬುಡಕ್ಕೆ ಸುರಿದರೆ ಅದನ್ನು ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಕೆಲಕಾಲ ಬಿಳಿಚುತ್ತದೆ. ಸಗಣಿ ಜೊತೆ ಗುಪ್ಪೆ ಹಾಕಿ ಕಳಿಯಲು ಬಿಟ್ಟೇ ಹಾಕಿ.

ಇದೆಲ್ಲ ಮಾಡಿ ಮಣ್ಣು ಸುಧಾರಿಸಿತೇ ಎಂದು ತಿಳಿಯಲು ಒಂದು ಹಳೆಯ ಹತ್ತಿ ಪಂಚೆ ಸಾಕು. ನೈಲಾನ್ ದಾರದ ಅಂಚು ಇಲ್ಲದ, ಒಂದೇ ಅಳತೆಯ ತುಂಡುಗಳನ್ನು ತೋಟದ ಹಳೆಯ ನೆರಳಿನಲ್ಲಿ, ಗೊಬ್ಬರ ಹೆಚ್ಚು ಬೀಳುವ ಸಾಲಿನಲ್ಲಿ, ಕುಸಿದ ಬರೆಯಲ್ಲಿ ನಾಲ್ಕು ಬೆರಳು ಆಳದಲ್ಲಿ ಹೂಳಿ, ಗೂಟ ನೆಟ್ಟು ಗುರುತಿಡಿ. ಆರೆಂಟು ವಾರ ಬಿಟ್ಟು ತೆಗೆಯಿರಿ. ಜೀವವಿರುವಲ್ಲಿ ಬಟ್ಟೆ ತೂತುತೂತಾಗಿ ಎತ್ತಿದರೆ ಹರಿಯುತ್ತದೆ. ಜೀವ ಕಡಿಮೆಯಿರುವಲ್ಲಿ ತೊಳೆದು ಒಣಹಾಕುವಷ್ಟು ಗಟ್ಟಿ ಇರುತ್ತದೆ. ಇದು ಎಲೆ–ನಾರು ಕೊಳೆಸುವ ಶಕ್ತಿಯನ್ನು ಮಾತ್ರ ಹೇಳುತ್ತದೆ. ರೋಗವಿದೆಯೇ, ರಂಜಕ ಸಾಕೇ ಎಂಬುದನ್ನು ಹೇಳದು.

ಅದಕ್ಕೆ ಪರೀಕ್ಷೆಯೇ ಬೇಕು. ಕಾಫಿ ತೋಟದ ಮಣ್ಣಿಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಮೆಣಸಿನ ರೋಗಕ್ಕೆ ಅಪ್ಪಂಗಳದ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರ, ಎರಡಕ್ಕೂ ಸಲಹೆ ಕೇಳಲು ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಇವೆ. ಮಣ್ಣಿನ ಮಾದರಿಯನ್ನು ಗೊಬ್ಬರ ಹಾಕಿ ಎರಡು ಮೂರು ತಿಂಗಳಾದ ಮೇಲೆ, ತರಗೆಲೆ ಸರಿಸಿ, ಹಲವು ಗಿಡಗಳ ನಡುವಿನಿಂದ ತೆಗೆದು ಬೆರೆಸಿ ನೆರಳಿನಲ್ಲಿ ಒಣಗಿಸಿ ಒಯ್ಯಿರಿ. ಮೆಣಸಿನ ಬೇರನ್ನು ಮಾತ್ರ ಒಣಗಿಸಬೇಡಿ, ತೊಳೆಯಲೂ ಬೇಡಿ. ಪೂರ್ತಿ ಸಾಯದ, ಈಗಷ್ಟೇ ಹಳದಿಗೆ ತಿರುಗುತ್ತಿರುವ ಬಳ್ಳಿಯಿಂದ ಒಂದು ಹಿಡಿ ಸಣ್ಣ ಬೇರನ್ನು ಅದರ ಒದ್ದೆ ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡದೆ, ತೆಗೆದ ದಿನವೇ ತಲುಪಿಸಿ.